ಉಲ್ಟಾ ಸೀಲು

ಮಣ್ಣು ಕೊಟ್ಟು ಬಂದ ಜನರೆಲ್ಲ ಚದುರಿದ ಮರುಬೆಳಗ್ಗೆ, ಹಾದಿಯಾ ಗಂಡನ ಸ್ಕ್ರೂಡ್ರೈವರ್ ಹಿಡಿದು ಗ್ಯಾರೇಜಿನ ನೆಲದ ಮೇಲೆ ಕೂತಿದ್ದಳು. ಎದುರಿಗೆ ಹಿಂದಿನ ಚಕ್ರ ಬಿಚ್ಚಿದ ಸ್ಕೂಟರ್. ಅದರಡಿಯ ರಟ್ಟಿನ ಮೇಲೆ ಎಣ್ಣೆಯ ಹೊಸ ಕಲೆ.

ಮತ್ತೆ ಸೋರುತ್ತಿತ್ತು. ಹೋಗುವ ಮುಂಚೆಯೂ ಅದಕ್ಕೆ ಕೈ ಹಾಕಿಯೇ ಹೋಗಿದ್ದ, ಪುಣ್ಯಾತ್ಮ.

"ಇಲ್ಲೇನಮ್ಮ ಮಾಡ್ತಿದೀಯ?" ಒಳಬಾಗಿಲಲ್ಲಿ ಗುಲ್‌ಶನ್ ಆಂಟಿ. ಸಾವಿನ ದಿನದಿಂದ ಜೊತೆಗಿದ್ದ ನೆರೆಮನೆಯಾಕೆ. "ಇದ್ದತ್ ಮುಗಿಯೋವರೆಗೂ ಗಂಡ ಸತ್ತ ಹೆಣ್ಣು ಮನೆಯಿಂದ ಹೊರಗೆ ಬರಬಾರದು."

"ಗ್ಯಾರೇಜೂ ಮನೇನೇ ಆಂಟಿ. ಇದಕ್ಕೂ ಟ್ಯಾಕ್ಸ್ ಕಟ್ತೀವಿ."

"ಆ ಡಬ್ಬಾ ಬಿಟ್ಟು ಬಾ."

"ಸತ್ತವರ ಮೇಲೆ ಇನ್ನೊಬ್ಬರ ವಸ್ತು ಉಳೀಬಾರದು ಅಂದಿದ್ದು ನೀವೇ ಅಲ್ವಾ? ಅಲೀಮ್ ಅಂಕಲ್ ಮಧ್ಯಾಹ್ನ ತಮ್ಮ ಗಾಡಿ ತಗೊಂಡು ಹೋಗೋಕೆ ಬರ್ತಿದಾರೆ."

"ಹೇಗಿದೆಯೋ ಹಾಗೇ ಕೊಡು."

"ಸೋರೋದನ್ನ ಕೊಡಲಾ? ಗಂಡ ಹೆಂಡತಿ ಇಬ್ಬರೂ ಇಂಜಿನಿಯರ್, ಒಂದು ಸೀಲ್ ಹಾಕೋಕೆ ಬರಲಿಲ್ಲ ಅಂತ ಊರೆಲ್ಲ ನಗಲಿ ಅಂತಲಾ?"

"ನೋಮಾನ್ ಅಂಥ ಜಾಣ ಹುಡುಗ..." ಆಂಟಿ ಸೆರಗಿನಿಂದ ಕಣ್ಣೊತ್ತಿಕೊಂಡರು. ಹಾದಿಯಾ ಮೂಗಿನಲ್ಲೇ ನಕ್ಕಳು. ಅವಳು ಇನ್ನೂ ಅತ್ತಿರಲಿಲ್ಲ. ಆಂಟಿ ಅದನ್ನೂ ಗಮನಿಸಿದ್ದರು.

ಜಾಣನಂತೆ. ಅಮೆರಿಕದ ಈ ಡಿಯರ್‌ಬಾರ್ನಿನ ಕಾರು ಕಂಪನಿಯಲ್ಲಿ ಅವನ ಕೆಲಸವೇ ಆಯಿಲ್ ಸೀಲುಗಳನ್ನು ಪರೀಕ್ಷಿಸುವುದು. ಬಳೆಯಂಥ ರಬ್ಬರಿನ ತುಂಡು. ಅದರ ಅಂಚಿನ ತುಟಿ ಎಣ್ಣೆಯ ಕಡೆಗಿದ್ದರೆ ಎಣ್ಣೆ ಒಳಗೆ ನಿಲ್ಲುತ್ತದೆ, ಹೊರಗಿದ್ದರೆ ಸೋರುತ್ತದೆ. ಇಂಥ ಸಾವಿರ ಸೀಲುಗಳಲ್ಲಿ ಊನ ಹುಡುಕಿ ಸಂಬಳ ತರುತ್ತಿದ್ದವನು, ಮನೆಗೆ ಬಂದು ಸ್ಕೂಟರಿಗೆ ಅದನ್ನು ಉಲ್ಟಾ ಹಾಕುತ್ತಿದ್ದ. ಒಂದು ಸಲವಲ್ಲ, ಪ್ರತಿ ಸಲ.

ಸ್ಕೂಟರ್ ತಂದ ಕಾಲವಾದರೂ ಎಂಥದ್ದು? ಹತ್ತಿರದ ಕ್ಯಾಂಟನ್ ಊರಿನಲ್ಲಿ ಅಂಗಡಿ ಇಟ್ಟಿದ್ದ ಅಲೀಮ್ ಅಂಕಲ್ ಊರಿನ ನೆನಪಿಗೆಂದು ಚನ್ನಪಟ್ಟಣದಿಂದ ಹಡಗಿನಲ್ಲಿ ತರಿಸಿಕೊಂಡ ಗಾಡಿ ಅದು. "ಸ್ವಲ್ಪ ದಿನ ಕೊಡಿ" ಎಂದು ನೋಮಾನ್ ಕೇಳಿ ತಂದದ್ದು ಡಿಸೆಂಬರಿನಲ್ಲಿ. ಹೊರಗೆ ಮೊಣಕಾಲುದ್ದ ಹಿಮ. ಬೀದಿಯಲ್ಲಿ ಕಾರುಗಳೇ ಜಾರುತ್ತಿದ್ದವು. ಸ್ಕೂಟರ್ ಓಡಿಸುವ ಶೋಕಿ ಇವನಿಗೆ.

ಆಗ ಹಾದಿಯಾ ಮಹಡಿಯ ಕೋಣೆ ಹಿಡಿದಿದ್ದಳು. ಆಸ್ಪತ್ರೆಯಿಂದ ಕೂಸಿಲ್ಲದೆ ಬಂದಾಗಿನಿಂದ ಅಲ್ಲೇ. ಊಟದ ತಟ್ಟೆ ಮಹಡಿಗೆ ಬರುತ್ತಿತ್ತು, ಹಾಗೆಯೇ ಕೆಳಗೆ ಹೋಗುತ್ತಿತ್ತು. ಒಂದು ಬೆಳಗ್ಗೆ ನೋಡಿದರೆ ಬಿಳಿ ಕಾರ್ಪೆಟ್ಟಿನ ಮೇಲೆ, ಮೆಟ್ಟಿಲುದ್ದಕ್ಕೂ, ಅವಳ ಬಾಗಿಲವರೆಗೆ ಕಪ್ಪು ಎಣ್ಣೆಯ ಹೆಜ್ಜೆಗಳು. ಬೈಯಲೆಂದೇ ಗ್ಯಾರೇಜಿಗೆ ಇಳಿದಳು.

"ಏನ್ರೀ ಇದು? ಕಣ್ಣು ಕಾಣಲ್ವಾ?"

"ಸೋರ್ತಿದೆ ಕಣೇ. ಅಲೀಮ್ ಅಂಕಲ್ ಸೋರೋ ಗಾಡಿ ಕೊಟ್ಟು ಟೋಪಿ ಹಾಕಿದಾರೆ."

ಹಾದಿಯಾ ಬಗ್ಗಿ ನೋಡಿದಳು. "ಸೀಲ್ ಉಲ್ಟಾ ಇದೆ. ನಿಮಗೆ ಯಾವ ಪುಣ್ಯಾತ್ಮ ಸಂಬಳ ಕೊಡ್ತಾನೆ?"

"ಹೌದಾ? ಯಾವ ಕಡೆ ಉಲ್ಟಾ?"

"ಪಕ್ಕಕ್ಕೆ ಸರೀರಿ, ಕೊಡಿ ಇಲ್ಲಿ."

ಅವಳು ಸರಿಮಾಡಿದಳು. ಮುಂದಿನ ಶನಿವಾರ ಮತ್ತೆ ಸೋರಿತು. "ಸುಮ್ನೆ ಚೆಕ್ ಮಾಡೋಣ ಅಂತ ಬಿಚ್ಚಿದೆ" ಎಂದು ತಲೆ ಕೆರೆದುಕೊಂಡ. ಅದರ ಮುಂದಿನ ವಾರವೂ ಅದೇ ಕತೆ. ಅವಳು ಬಕೆಟ್ ಬೋರಲು ಹಾಕಿ ಕೂತು, ಫಸ್ಟ್ ಇಯರ್ ಹುಡುಗರಿಗೆ ಹೇಳುವ ಹಾಗೆ ಹೇಳಿದಳು. ಅವನು "ಹೌದಲ್ಲ!" ಎಂದು ಪ್ರತಿ ಸಲವೂ ಹೊಸದಾಗಿ ಬೆರಗಾದ. ಬೈದು ಬೈದು ಅವಳಿಗೆ ಹಸಿವಾಗುತ್ತಿತ್ತು. ಅವನು ಅಲ್ಲಿಗೇ ತಟ್ಟೆ ತರುತ್ತಿದ್ದ. ಅವಳು ತಿನ್ನುತ್ತ ಬೈಯುವುದನ್ನು ನಗುತ್ತ ಕೇಳುತ್ತಿದ್ದ. ಪೆದ್ದರಿಗೆ ಅವಮಾನವೂ ನಾಟುವುದಿಲ್ಲ.

ಮೊನ್ನೆ ಫ್ರೀವೇಯ ಮಂಜಿನಲ್ಲಿ ಟ್ರಕ್ಕೊಂದು ಅವನ ಕಾರಿಗೆ ಗುದ್ದಿತು. ಇಂಥವನಿಗೆ ನನ್ನ ವಯಸ್ಸು, ನನ್ನ ಡಿಗ್ರಿ ಎರಡನ್ನೂ ಕೊಟ್ಟೆನಲ್ಲ ಎಂಬ ಸಿಟ್ಟೊಂದೇ ಅವಳ ಪಾಲಿಗೆ ಉಳಿದದ್ದು. ಗಾಡಿ ಒಂದು ಹನಿಯೂ ಸೋರದೆ ಹೋದರೆ ಆ ಲೆಕ್ಕವೂ ಚುಕ್ತಾ.

ಸ್ಕ್ರೂಡ್ರೈವರ್ ತೂರಿಸಿ ಹಳೆಯ ಸೀಲನ್ನು ಕಿತ್ತಳು. ತುಟಿ ಹೊರಗೆ. ಇನ್ನೇನು! ಕಸದ ಬುಟ್ಟಿಗೆ ಎಸೆದಳು. ಹೊಸದನ್ನು ಹೆಬ್ಬೆರಳಲ್ಲಿ ಒತ್ತಿ ಕೂರಿಸಿ, ಚಕ್ರ ಬಿಗಿದು, ಎಣ್ಣೆ ತುಂಬಿಸಿ, ಕೆಳಗೆ ಹೊಸ ರಟ್ಟು ಹಾಸಿದಳು. ಮಧ್ಯಾಹ್ನದವರೆಗೂ ರಟ್ಟು ಒಣಗಿಯೇ ಇತ್ತು. ಇಷ್ಟೇ ಕೆಲಸ.

ಅಲೀಮ್ ಅಂಕಲ್ ಪಿಕಪ್ ತಂದರು. ಇದ್ದತ್‌ನಲ್ಲಿರುವ ಹೆಣ್ಣೆಂದು ಡ್ರೈವ್‌ವೇಯಲ್ಲೇ ತಲೆ ತಗ್ಗಿಸಿ ನಿಂತರು. ಹಾದಿಯಾ ಕೀ ಚಾಚಿದಳು.

"ತಗೊಳ್ಳಿ ಅಂಕಲ್. ಸೋರೋದು ನಿಲ್ಲಿಸಿದೀನಿ. ನಿಮ್ಮ ಕೈಲೂ ಆಗಿರಲಿಲ್ಲ, ಅವರ ಕೈಲೂ ಆಗಲಿಲ್ಲ."

ಅಂಕಲ್ ಮೊದಲ ಬಾರಿಗೆ ತಲೆ ಎತ್ತಿದರು.

"ಸೋರ್ತಿತ್ತಾ? ನಾನು ಕೊಟ್ಟಾಗ ಒಂದು ಹನಿ ಸೋರ್ತಿರಲಿಲ್ಲವಲ್ಲಮ್ಮ. ಹೊಸ ಸೀಲ್ ಹಾಕಿಯೇ ಕೊಟ್ಟಿದ್ದು. ಹಾಕಿದ್ದೂ ನೋಮಾನೇ. ನನ್ನ ಜೊತೆ ಮಾತಾಡ್ತಾ, ಆ ಕಡೆ ನೋಡದೇನೇ ಹಾಕಿಬಿಟ್ಟ."

ಕೀ ಇನ್ನೂ ಅವಳ ಕೈಯಲ್ಲೇ ಇತ್ತು.

"ಈ ಹಿಮದಲ್ಲಿ ಸ್ಕೂಟರ್ ಯಾಕಪ್ಪ ಅಂದೆ. ‘ಮನೇಲಿ ಒಬ್ಬರು ಮಹಡಿಯಿಂದ ಇಳಿದೇ ಬರ್ತಿಲ್ಲ ಅಂಕಲ್, ನನ್ನ ದಡ್ಡತನ ನೋಡೋಕಾದ್ರೂ ಬರ್ತಾರೆ’ ಅಂದ."