ಎಡಗೈ

ಗಂಡ ತರಿಸಿದ್ದ ಹಾರ್ಮೋನಿಯಂ ಮೇಲಿನ ಕ್ಯಾಶ್‌ಬ್ಯಾಕ್ ಖಾತ್ರಿಯಾಗಿದೆ ಎಂಬ ವೆಬ್‌ಸೈಟಿನ ಸಂದೇಶವನ್ನು ಸುಭದ್ರಾ ಮತ್ತೊಮ್ಮೆ ಓದಿದಳು. ವಾಪಸ್ ಕಳಿಸಿದ ಸಾಮಾನಿಗೆ ಆ ವೆಬ್‌ಸೈಟ್ ಕ್ಯಾಶ್‌ಬ್ಯಾಕ್ ಕೊಡುವುದಿಲ್ಲ. ಕುಕ್ಕರಿನಿಂದ ಹಿಡಿದು ಚಾದರದವರೆಗೆ ಎಲ್ಲವನ್ನೂ ಅದರ ಮೂಲಕವೇ ಕೊಳ್ಳುವ ಅವಳಿಗೆ ಇದು ಚೆನ್ನಾಗಿ ಗೊತ್ತು. ಹಾಗಿದ್ದರೆ ಪೆಟ್ಟಿಗೆ ಎಲ್ಲಿ? "ರಿಟೈರ್ ಆದ ಮ್ಯಾಗ ಇದೇನ್ ಹುಚ್ಚರಿ? ಮಗ್ಗಲ ಮನಿ ರೆಡ್ಡಿಗಾರು ಏನಂದಾರು?" ಎಂದು ಅವಳು ರೇಗಿದ ಮರುದಿನವೇ ಗಂಡ ರಾಮಕೃಷ್ಣ ಅದನ್ನು ವಾಪಸ್ ಕಳಿಸಿದೆನೆಂದು ಹೇಳಿದ್ದ. ಆಮೇಲೆ ಮನೆಯಲ್ಲಿ ಮಾತೇ ಕಡಿಮೆಯಾಗಿತ್ತು.

ಬಾಗಿಲು ತೆರೆದು ಅವನು ಒಳಗೆ ಬಂದ.

"ವಾಕಿಂಗ್ ಭಾಳ ದೂರ ಹೋಗಿದ್ರೇನ್ರಿ?"

"ಪಟಾನ್‌ಚೆರು ಬಸ್‌ಸ್ಟ್ಯಾಂಡ್ ಆಚೆ, ನಮ್ಮ ಗೆಳೆಯ ಕಾಶಿನಾಥನ ಮನಿ ತನಕ. ಒಬ್ಬನ ಇರ್ತಾನ, ಪಾಪ" ಎನ್ನುತ್ತ ಸೋಫಾದ ಮೇಲೆ ಕುಳಿತ.

ಅವನ ಎಡಗೈಯ ಆಟ ಮತ್ತೆ ಶುರುವಾಯಿತು. ಕೆಲವು ದಿನಗಳಿಂದ ಅವಳನ್ನು ಹೆದರಿಸಿದ್ದು ಆ ಕೈಯೇ. ಸುಮ್ಮನೆ ಕೂತಾಗಲೆಲ್ಲ ಅದು ಮೆಲ್ಲಗೆ ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ನರದ ರೋಗವೇ ಇರಬೇಕೆಂದು ನಾಳೆಗೆ ಡಾಕ್ಟರ ಅಪಾಯಿಂಟ್‌ಮೆಂಟ್ ಕೂಡ ತೆಗೆದುಕೊಂಡಿದ್ದಳು. ಇವತ್ತು ಅವಳ ಕಣ್ಣು ಬಲಗೈಯ ಮೇಲೂ ಬಿತ್ತು. ಬೆರಳುಗಳು ತೊಡೆಯ ಮೇಲೆ ಒಂದೊಂದಾಗಿ ಇಳಿದು ಏಳುತ್ತಿದ್ದವು. ಎಡಗೈ, ಅಲ್ಲಿಲ್ಲದ ಹಾರ್ಮೋನಿಯಂಗೆ ಗಾಳಿ ಹಾಕುತ್ತಿತ್ತು. ವಾಕಿಂಗ್ ಯಾಕೆ ಕಾಶಿನಾಥನ ಮನೆ ತನಕ ಹೋಗುತ್ತದೆಂದು ಅವಳಿಗೆ ಹೊಳೆಯಿತು.

ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟೋ ನೆಮ್ಮದಿಯೋ ನಾಚಿಕೆಯೋ ಅವಳಿಗೆ ತಿಳಿಯಲಿಲ್ಲ.

"ನಾಳೆ ಡಾಕ್ಟರ್ ಕಡೆ ಹೋಗೋದು ಬ್ಯಾಡ್ರಿ" ಎಂದಳು.

"ಯಾಕ?" ಎಂದ. ಎರಡೂ ಕೈಗಳು ಒಮ್ಮೆಗೇ ನಿಂತುಹೋದವು.