ರೇಟು ಏರುವವರೆಗೆ

ತನ್ನ ಹಳೇ ಕಾರುಗಳ ಅಂಗಡಿಗೆ ಕೆಂಪು ಕಾರು ನೋಡಲು ಬಂದ ಮುದುಕನ ಮೇಲೆ ಚೆಲುವರಾಜುವಿಗೆ ಮೊದಲಿನಿಂದಲೂ ಅನುಮಾನ. ಬೋಳುತಲೆ, ಕೊರಳಿಗೆ ಮಫ್ಲರ್. ಕಾರು ಕೊಳ್ಳುವವನ ಹಾಗೆ ಕಾಣಲಿಲ್ಲ. ಎದುರಿನ ಅಂಗಡಿಯವನೇ ಬೆಲೆ ತಿಳಿದುಕೊಂಡು ಬಾ ಎಂದು ಕಳುಹಿಸಿರಬೇಕು.

ಗೋಡೆಯ ಮೇಲೆ, ಗುಂಗುರು ಕೂದಲಿನ ಹೀರೋ ಅದೇ ಕಾರಿಗೆ ಮೊಣಕೈಯೂರಿ ನಿಂತ ಪೋಸ್ಟರ್ ಇತ್ತು.

ಕಾರಿನ ಬಾಗಿಲು ಮೇಲಕ್ಕೆತ್ತಿ ಎಳೆದರೆ ಮಾತ್ರ ತೆರೆಯುತ್ತಿತ್ತು. ಮುದುಕ ಮೊದಲ ಸಲಕ್ಕೇ ತೆರೆದ.

"ಯಾರ್ರೀ ಹೇಳ್ಕೊಟ್ಟಿದ್ದು ನಿಮಗೆ?"

"ಹಳೇ ಗಾಡಿ ಅಂದ್ರೆ ಹೀಗೇ ಅಲ್ವೇನಪ್ಪ. ಎಷ್ಟಕ್ಕೆ ಕೊಡ್ತೀಯ?"

"ಈಗ ಕೊಡಲ್ಲ."

"ಯಾಕೆ, ಕದ್ದ ಮಾಲಾ?"

ಚೆಲುವರಾಜು ಕೆರಳಿದ. "ಹರಾಜಲ್ಲಿ ತಗೊಂಡಿದ್ದು ಯಜಮಾನ್ರೇ! ಈ ಹೀರೋನ ಸ್ವಂತ ಗಾಡಿ. ಈಗ ಜನಕ್ಕೆ ಅವನ ನೆನಪೇ ಇಲ್ಲ. ಹಾಸಿಗೆ ಹಿಡಿದಿದ್ದಾನಂತೆ. ಅವನು ಕಣ್ಮುಚ್ಚಲಿ, ಟೀವಿ ತುಂಬ ಅವನ ಹಾಡೇ ಬರುತ್ತೆ. ಜನ ಅತ್ಕೊಂಡು ಬಂದು ಕೇಳ್ತಾರೆ. ಆಗ ನೋಡಿ ರೇಟು!"

ಮುದುಕ ಬಾಗಿಲು ಮುಚ್ಚಿದ. ಮಫ್ಲರ್ ತೆಗೆದು, ಪೋಸ್ಟರಿನಲ್ಲಿದ್ದಂತೆಯೇ ಮೊಣಕೈಯೂರಿ ಕಾರಿಗೆ ಒರಗಿ ನಿಂತ.

"ಡಾಕ್ಟರು ನನಗಿನ್ನೂ ಎರಡು ವರ್ಷ ಇದೆ ಅಂದಿದ್ದಾರೆ. ಅಲ್ಲೀವರೆಗೂ ಕಾಯ್ತೀಯೇನಪ್ಪ?"