ಯಾರ ಹೆಸರಿನಲ್ಲಿ ತಾಳಿ

ತಾಳಿ ಕಟ್ಟಲು ಎತ್ತಿದ್ದ ವಿಠಲನ ಕೈಯನ್ನು ಪಾಸ್ಟರ್ ಜಟ್ಟೆಪ್ಪನವರು ಅಲ್ಲೇ ಹಿಡಿದು ನಿಲ್ಲಿಸಿದರು. "ಯಾರ ಹೆಸರಿನ್ಯಾಗ ಕಟ್ಟಸ್ತೀರಿ, ಮೊದಲ ಅದನ್ನ ಹೇಳ್ರಿ" ಎಂದು ಅವರು ಕೇಳಿದ್ದು ಮದುಮಗನನ್ನಲ್ಲ, ಮದುಮಗಳ ಪಕ್ಕದಲ್ಲಿ ಬೈಬಲ್ ಬಿಚ್ಚಿ ನಿಂತಿದ್ದ ಪಾಸ್ಟರ್ ಯಂಕಪ್ಪನವರನ್ನು.

"ತಂದೆ, ಮಗ, ಪವಿತ್ರಾತ್ಮನ ಹೆಸರಿನ್ಯಾಗ. ಮತ್ಯಾರ ಹೆಸರಿನ್ಯಾಗ ಕಟ್ತಾರ?"

"ಹಂಗಾದ್ರ ನಮ್ಮ ಹುಡುಗ ಕಟ್ಟಂಗಿಲ್ಲ. ದೇವರು ಒಬ್ಬನ, ಅವನ ಹೆಸರು ಯೇಸು. ಒಬ್ಬನ್ನ ಮೂರು ಪಾಲು ಮಾಡಾಕ ನಾವು ಒಪ್ಪಂಗಿಲ್ಲ."

ಮುಂಬಯಿ ಬದಿಯ ದಿವಾದಲ್ಲಿ, ಬಾಡಿಗೆಗೆ ಹಿಡಿದ ಶಾಲೆಯ ಹಾಲ್‌ನಲ್ಲಿ ನಡೆದಿದ್ದ ಮದುವೆ ಅದು. ಎರಡೂ ಸಭೆಯವರು ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರೇ. ಹಾಡು ಒಂದೇ, ತಮಟೆ ಒಂದೇ, ಇವರಿರುವ ಚಾಳಿಗೂ ಅವರಿರುವ ಚಾಳಿಗೂ ನಡುವೆ ಒಂದು ಗಟಾರ ಅಷ್ಟೆ. ಇಬ್ಬರು ಪಾಸ್ಟರೂ ಊರದೇವರನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆ ದೇವರ ಹೆಸರುಗಳು ಮಾತ್ರ ಇಬ್ಬರನ್ನೂ ಬಿಟ್ಟಿರಲಿಲ್ಲ. ಮದುವೆ ಮಾತಾಡಿದ ಹಿರಿಯರು ಸೀರೆಯ ಬಣ್ಣದಿಂದ ಹಿಡಿದು ಸಾರಿನ ಖಾರದವರೆಗೆ ಎಲ್ಲವನ್ನೂ ತೀರ್ಮಾನಿಸಿ, ಇಬ್ಬರು ಪಾಸ್ಟರೂ ಕೂಡಿ ಮದುವೆ ಮಾಡಿಸಲಿ ಎಂದು ಜಾಣತನ ಮೆರೆದಿದ್ದರು. ತಾಳಿಯ ಹೊತ್ತಿಗೆ ಪ್ರಾರ್ಥನೆ ಯಾರದು ಎಂದು ಮಾತ್ರ ಯಾರೂ ಕೇಳಿರಲಿಲ್ಲ. ನಮ್ಮ ಜನ ಹೀಗೆಯೇ, ಆನೆಯನ್ನು ಒಳಗೆ ತಂದು ಬಾಲಕ್ಕೆ ಬಾಗಿಲು ಹುಡುಕುತ್ತಾರೆ.

ಮದುಮಗಳು ಮಲ್ಲಿಕಾ ತಲೆ ಎತ್ತಲಿಲ್ಲ. ಹೋದ ವರ್ಷ ಕಲ್ಯಾಣ ಊರಿನ ಗಂಡಿನ ಸಂಬಂಧ ಇದೇ ಮಾತಿಗೆ ಮುರಿದಿತ್ತು. ಯೇಸುವಿನ ಒಂದೇ ಹೆಸರಿನಲ್ಲಿ ಮತ್ತೊಮ್ಮೆ ನೀರಲ್ಲಿ ಮುಳುಗಿ ದೀಕ್ಷಾಸ್ನಾನ ತಗೊಂಡರೆ ಸರಿ ಎಂದು ಆ ಗಂಡಿನ ಕಡೆಯವರು, ಮುಳುಗಿದರೆ ನಮ್ಮ ಸಭೆಗೆ ಕಾಲಿಡಬೇಡ ಎಂದು ಯಂಕಪ್ಪನವರು. ಈ ಸಲ ವಿಠಲನನ್ನು ಆರಿಸಿದವಳು ಅವಳೇ. ರಬಾಳೆಯ ಒಂದೇ ಕಂಪನಿಯಲ್ಲಿ ಇಬ್ಬರಿಗೂ ಪ್ಯಾಕಿಂಗ್ ಕೆಲಸ. ಇದೂ ತಪ್ಪಿದರೆ ಇನ್ನೊಬ್ಬರ ಮುಂದೆ ಹೋಗಿ ನಿಲ್ಲುವುದಿಲ್ಲ ಎಂದು ಅಪ್ಪ ಹುಲಗಪ್ಪನಿಗೆ ಕಡ್ಡಿ ಮುರಿದಂತೆ ಹೇಳಿದ್ದಳು.

ವೇದಿಕೆಯ ಮೇಲೆ, ಯೇಸು ದೀಕ್ಷಾಸ್ನಾನ ಪಡೆದ ಯೊರ್ದಾನ್ ನದಿ ಹರಿಯತೊಡಗಿತು. ಯೇಸು ನೀರಿನಿಂದ ಎದ್ದಾಗ ಇವನು ನನ್ನ ಮಗ ಎಂದು ಆಕಾಶದಿಂದ ಮಾತಾಡಿದವರು ಯಾರು, ತನಗೆ ತಾನೇ ಮಾತಾಡಿಕೊಂಡನೇ ಎಂದು ಯಂಕಪ್ಪನವರು ಕೇಳಿದರು. ನಾನು ಹೆಂಡತಿಗೆ ಗಂಡ, ಮಗನಿಗೆ ಅಪ್ಪ, ಸೈಟಿನಲ್ಲಿ ಮೇಸ್ತ್ರಿ, ಹಾಗೆಂದು ಮೂವರು ಜಟ್ಟೆಪ್ಪರು ಇದ್ದಾರೆಯೇ ಎಂದು ಇವರು. ಜನ ಇಬ್ಬರಿಗೂ ತಲೆದೂಗಿದರು. ಹುಲಗಪ್ಪ ಕೈಮುಗಿದು ಇವರತ್ತ ಒಮ್ಮೆ, ಅವರತ್ತ ಒಮ್ಮೆ ತಿರುಗುತ್ತಿದ್ದ. ಸಂಜೆಯ ಅರಿಶಿನ ಕಾರ್ಯಕ್ಕೆ ಹಾಲ್ ಹಿಡಿದಿದ್ದ ಮರಾಠಿ ಮಂದಿ ಆಗಲೇ ಚೆಂಡುಹೂವಿನ ಬುಟ್ಟಿಗಳನ್ನು ಬಾಗಿಲಲ್ಲಿ ಇಳಿಸಿದ್ದರು. ವಾಚ್‌ಮನ್ ಬಂದು "ಲವಕರ್ ಆಟಪಾ", ಬೇಗ ಮುಗಿಸಿ ಎಂದು ಗಡಿಯಾರ ತೋರಿಸಿ ಹೋದ.

ಮುಂದಿನ ಕುರ್ಚಿಯಲ್ಲಿದ್ದ ಬಾಲಮ್ಮ, ಹುಲಗಪ್ಪನ ತಾಯಿ, ಮಗನನ್ನು ಕರೆದು ಏನು ತಕರಾರು ಎಂದು ಕೇಳಿದಳು. ಅವಳು ಲಿಂಗಸುಗೂರಿನಿಂದ ಮೊಮ್ಮಗಳ ಮದುವೆಗೆಂದು ಬಂದವಳು, ಯಾವ ಸಭೆಗೂ ಸೇರಿದವಳಲ್ಲ. ಹುಲಗಪ್ಪ ಹೇಳಿದ. ದೇವರೇನಾದರೂ ತಕರಾರು ಮಾಡಿದ್ದಾನೆಯೇ ಎಂದು ಅವಳು ವಿಚಾರಿಸಿದಳು. ಇಲ್ಲ, ಪಾಸ್ಟರುಗಳದ್ದೇ ಎಂದು ತಿಳಿದ ಮೇಲೆ ಎದ್ದು ಹಿಂದಿನ ಅಡುಗೆಯ ಕಡೆ ಹೋದಳು, ಅಕ್ಕಿಯ ಚೀಲಕ್ಕೆ ಕೈ ಹಾಕಿದಳು, ಮುಷ್ಟಿ ಬಿಗಿಹಿಡಿದು ವೇದಿಕೆ ಹತ್ತಿದಳು.

"ಕಟ್ಟಪ್ಪಾ, ಕೈ ನೊಂದಾವು ನಿನ್ನವು" ಎಂದಳು ವಿಠಲನಿಗೆ.

ವಿಠಲ ತನ್ನ ಪಾಸ್ಟರನ್ನು ನೋಡಿದ. ಆಮೇಲೆ ಮಲ್ಲಿಕಾಳನ್ನು ನೋಡಿದ, ಕಟ್ಟಿದ. ಮೂರನೆಯ ಗಂಟು ಬೀಳುವಾಗ ಯಂಕಪ್ಪನವರ ಮುಖ ಕೊಂಚ ಅರಳಿತು. ಅಷ್ಟರಲ್ಲಿ ಬಾಲಮ್ಮ "ಹುಲಿಗೆವ್ವ ತಾಯಿ ನಿಮ್ಮನ್ನ ಚಂದಾಗಿ ಇಡಲಿ" ಎಂದು ಗಟ್ಟಿಯಾಗಿ ಹರಸಿ ಅಕ್ಕಿಕಾಳು ಎರಚಿದಳು. ಅಕ್ಕಿ ಇಬ್ಬರು ಪಾಸ್ಟರ ತಲೆಯ ಮೇಲೂ ಬಿತ್ತು. ಕೆಳಗೆ ಕೂತವರ ಕೈಗಳು, ಅಕ್ಷತೆಯ ಹಳೆಯ ರೂಢಿ ನೋಡಿ, ಖಾಲಿಯಾಗಿಯೇ ಮೇಲೆದ್ದವು. ಕೀಬೋರ್ಡಿನವ ಮದುವೆ ಆಯಿತೆಂದು ಬಾರಿಸಿಬಿಟ್ಟ. ಜನ ಊಟದ ಸಾಲಿಗೆ ನುಗ್ಗಿದರು.

ಜಟ್ಟೆಪ್ಪನವರೂ ಯಂಕಪ್ಪನವರೂ ಮುಖಮುಖ ನೋಡಿಕೊಂಡರು. ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಮಾತಾಡಿದರು, ಒಟ್ಟಿಗೇ ಮೈಕಿನ ಮುಂದೆ ಬಂದರು, ಒಂದೇ ದನಿಯಲ್ಲಿ ಹೇಳಿದರು: "ಈ ಮದುವಿ ಆಗಿಲ್ಲ. ದೇವರು ಇದಕ್ಕ ಬಂದಿಲ್ಲ."

ಮಲ್ಲಿಕಾಳ ಕಣ್ಣು ತುಂಬಿತು. ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಅಜ್ಜಿ, ಆಗಿಲ್ಲಂತ" ಎಂದಳು.

ಬಾಲಮ್ಮ ಮೊಮ್ಮಗಳ ತಲೆಯಿಂದ ಒಂದು ಅಕ್ಕಿಕಾಳು ತೆಗೆದಳು. "ಹುಚ್ಚಿ, ಆ ಇಬ್ಬರ ಬಾಯಾಗ ಒಂದೇ ಮಾತು ಬಂತಂದ್ರ, ದೇವರು ಬಂದು ಹೋಗ್ಯಾನ ಅಂತ ತಿಳಿ. ನಡಿ, ಉಣ್ಣು."